ಔಷಧದ ಡಬ್ಬಿಯೊಳಗಿನ ಆ ಮಡಚಿದ ಕಾಗದ

ವೈದ್ಯರು, ನರ್ಸ್‌ಗಳು, ಫಾರ್ಮಸಿಸ್ಟ್‌ಗಳು ಇದನ್ನು ದಯವಿಟ್ಟು ಪೂರ್ತಿ ಓದಿ. ಡೋಸ್ ಬಗ್ಗೆ ಅನುಮಾನ ಬಂದಾಗ ನಮ್ಮಲ್ಲಿ ಬಹಳ ಮಂದಿ ಗೂಗಲ್‌ನಲ್ಲಿ ಬ್ರ್ಯಾಂಡ್ ಹೆಸರು ಹೊಡೆದು ಮೊದಲು ಕಂಡ ಪುಟವನ್ನೇ ನಂಬುತ್ತಾರೆ. ಅದು ಸಾಮಾನ್ಯವಾಗಿ ಔಷಧ ಮಾರುವ ಆ್ಯಪ್‌ನ ಪುಟ, ರೋಗಿಗಳಿಗಾಗಿ ಬರೆದದ್ದು. ಕಿಡ್ನಿ ಸೋತವರಿಗೆ ಎಷ್ಟು ಕೊಡಬೇಕು, ಯಾವ ದ್ರವದಲ್ಲಿ ಕಲಸಬಾರದು ಎಂಬುದಕ್ಕೆ ಅಲ್ಲಿ ಉತ್ತರ ಸಿಗುವುದು ಅಪರೂಪ. ಉತ್ತರ ಇರುವುದು ಔಷಧದ ಲೇಬಲ್‌ನಲ್ಲಿ, ಅಂದರೆ ಡಬ್ಬಿಯೊಳಗಿನ ಪ್ಯಾಕೇಜ್ ಇನ್ಸರ್ಟ್ ಎಂಬ ಕಾಗದದಲ್ಲಿ. ನಾವು ಸ್ಟ್ರಿಪ್ ಕತ್ತರಿಸಿ ನಾಲ್ಕು ಮಾತ್ರೆ ಕೊಡುವವರು. ಆ ಕಾಗದ ಇದ್ದರೂ ಅಂಗಡಿಯ ಕಸದಬುಟ್ಟಿ ದಾಟಿ ಹೊರಗೆ ಬರುವುದಿಲ್ಲ.

ಡಬ್ಬಿಯ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಎಲ್ಲಾ ಸಿಗುತ್ತದೆ ಅಂದುಕೊಂಡವರಿದ್ದಾರೆ. 2023ರ ಆಗಸ್ಟ್ 1ರಿಂದ 300 ಬ್ರ್ಯಾಂಡ್‌ಗಳಿಗೆ ಕಡ್ಡಾಯವಾದ ಆ ಕೋಡ್‌ನಲ್ಲಿ ಇರಲೇಬೇಕಾದದ್ದು ಔಷಧದ ಹೆಸರು, ತಯಾರಕರ ವಿಳಾಸ, ಬ್ಯಾಚ್ ನಂಬರ್, ತಯಾರಿಕೆಯ ಮತ್ತು ಎಕ್ಸ್‌ಪೈರಿ ದಿನಾಂಕ, ಲೈಸೆನ್ಸ್ ನಂಬರ್ ಇಂಥವು. ನಕಲಿ ಔಷಧ ಪತ್ತೆಗೆ ಅದು ಉಪಯುಕ್ತ, ಡೋಸ್ ತಿಳಿಯುವುದಕ್ಕಲ್ಲ.

ಪುಕ್ಕಟೆಯಾಗಿ ಲೇಬಲ್ ಓದಲು ಎರಡು ಒಳ್ಳೆಯ ಜಾಲತಾಣಗಳಿವೆ: ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಡೈಲಿಮೆಡ್, ಬ್ರಿಟನ್ನಿನ ಇಎಂಸಿ. ಡೈಲಿಮೆಡ್‌ನಲ್ಲಿ ಎಡವುವುದು ಹೆಸರಿನಲ್ಲಿ. ನಮ್ಮ ಸಾಲ್ಬುಟಮಾಲ್ ಅಲ್ಲಿ ಆಲ್ಬುಟೆರಾಲ್, ಪ್ಯಾರಾಸಿಟಮಾಲ್ ಅಸಿಟಮಿನೋಫೆನ್, ಅಡ್ರಿನಲಿನ್ ಎಪಿನೆಫ್ರಿನ್, ಗ್ಲಿಬೆನ್‌ಕ್ಲಮೈಡ್ ಗ್ಲೈಬುರೈಡ್, ರಿಫಾಂಪಿಸಿನ್ ರಿಫಾಂಪಿನ್. ಒಂದೇ ಔಷಧಕ್ಕೆ ಹತ್ತಾರು ಲೇಬಲ್ ಬರುತ್ತವೆ. ಮೂಲ ತಯಾರಕರದ್ದನ್ನು ತೆಗೆದು, ಪರಿಷ್ಕರಣೆಯ ತಿಂಗಳು ಮತ್ತು ವರ್ಷ ನೋಡಿಕೊಳ್ಳಿ. ಅಲ್ಲಿ ಅನುಮೋದನೆ ಇಲ್ಲದ ಉತ್ಪನ್ನಗಳ ಲೇಬಲ್ ಕೂಡ ಇರುತ್ತವೆ, ಹುಷಾರು.

ಇಡೀ ಲೇಬಲ್ ಓದಲು ಯಾರಿಗೂ ಪುರುಸೊತ್ತಿಲ್ಲ, ವಿಭಾಗದ ನಂಬರ್ ಗೊತ್ತಿದ್ದರೆ ಸಾಕು. ಬ್ರಿಟನ್ನಿನದರಲ್ಲಿ 4.2 ಡೋಸ್, 4.3 ಯಾರಿಗೆ ಕೊಡಲೇಬಾರದು, 4.5 ಬೇರೆ ಔಷಧಗಳ ಜೊತೆಗಿನ ಜಗಳ, 4.6 ಗರ್ಭಿಣಿ ಮತ್ತು ಬಾಣಂತಿ, 6.2 ಯಾವುದರ ಜೊತೆ ಬೆರೆಸಬಾರದು. ಅಮೆರಿಕದ್ದರಲ್ಲಿ ಡೋಸ್ 2, ನಿಷೇಧ 4, ಗರ್ಭಿಣಿ 8.1, ಹಾಲೂಡಿಸುವವರು 8.2. ಅಂದಹಾಗೆ, ಗರ್ಭಿಣಿಯರಿಗೆ 'ಕೆಟಗರಿ ಸಿ' ಎಂದೆಲ್ಲ ಅಕ್ಷರ ಹಚ್ಚುವ ಪದ್ಧತಿಯನ್ನು ಅಮೆರಿಕ 2015ರಿಂದ ಕೈಬಿಡತೊಡಗಿತು. ಅಮೆರಿಕದ ಆ ಅಕ್ಷರವನ್ನೇ ಇನ್ನೂ ತೋರಿಸುತ್ತಿರುವ ಪುಸ್ತಕ ಅಥವಾ ಆ್ಯಪ್‌ನಲ್ಲಿ ಉಳಿದ ಮಾಹಿತಿಯೂ ಹಳತಾಗಿರಬಹುದು.

ಉದಾಹರಣೆಗೆ, ದಿನಾ ಕೈಗೆ ಬರುವ ಆ್ಯಂಟಿಬಯಾಟಿಕ್ ಸೆಫ್ಟ್ರಿಯಾಕ್ಸೋನ್ ತೆಗೆದುಕೊಳ್ಳಿ. ಬ್ರಿಟನ್ನಿನ ಲೇಬಲ್ ಪ್ರಕಾರ 1 ಗ್ರಾಂ ವೈಲ್ ಐವಿ (ರಕ್ತನಾಳಕ್ಕೆ) ಕೊಡುವುದಾದರೆ 10 ಎಂಎಲ್ ವಾಟರ್ ಫಾರ್ ಇಂಜೆಕ್ಷನ್‌ನಲ್ಲಿ ಕಲಸಿ 5 ನಿಮಿಷ ಹಿಡಿದು ಕೊಡಬೇಕು. ಐಎಂ (ಸ್ನಾಯುವಿಗೆ) ಆದರೆ ಮರಗಟ್ಟಿಸುವ ಔಷಧವಾದ 1% ಲಿಗ್ನೋಕೇನ್ 3.5 ಎಂಎಲ್‌ನಲ್ಲಿ ಕಲಸಬೇಕು. ಲಿಗ್ನೋಕೇನ್‌ನಲ್ಲಿ ಕಲಸಿದ್ದನ್ನು ಯಾವ ಕಾರಣಕ್ಕೂ ಐವಿ ಕೊಡುವಂತಿಲ್ಲ. ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್) ಡ್ರಿಪ್‌ನಲ್ಲಿ ಕ್ಯಾಲ್ಸಿಯಂ ಇದೆ, ಔಷಧ ಅದರೊಡನೆ ಕೂಡಿ ಗಸಿಗಟ್ಟುತ್ತದೆ. ಹಾಗಾಗಿ ಆರ್‌ಎಲ್‌ನಲ್ಲಿ ಕಲಸಬಾರದು, ಓಡುತ್ತಿರುವ ಆರ್‌ಎಲ್ ಲೈನಿನಲ್ಲೂ ಬಿಡಬಾರದು. 28 ದಿನದೊಳಗಿನ ಶಿಶುವಿಗೆ ಕ್ಯಾಲ್ಸಿಯಂ ಇರುವ ಡ್ರಿಪ್ ಬೇಕಿದ್ದರೆ ಈ ಔಷಧವೇ ನಿಷಿದ್ಧ. 4.2, 4.3, 6.2 ಓದಲು ಐದು ನಿಮಿಷವೂ ಬೇಡ.

ಲೇಬಲ್‌ಗಳು ಒಂದಕ್ಕೊಂದು ಒಪ್ಪದ ಸಂದರ್ಭವೂ ಬರುತ್ತದೆ. 78 ವರ್ಷದ, 48 ಕೆಜಿ ತೂಕದ ಅಜ್ಜಿ, ಕ್ರಿಯಾಟಿನಿನ್ 1.2, ಹೃದಯದ ಬಡಿತ ತಪ್ಪುತ್ತಿದೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಡಾಬಿಗಾಟ್ರಾನ್ ಕೊಡಬೇಕೆಂದುಕೊಳ್ಳಿ. ಲ್ಯಾಬ್ ರಿಪೋರ್ಟ್‌ನಲ್ಲಿ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಹೇಳುವ ಇಜಿಎಫ್‌ಆರ್ 46ರ ಆಸುಪಾಸು ಬರುತ್ತದೆ, ಪರವಾಗಿಲ್ಲ ಅನಿಸುತ್ತದೆ. ಆದರೆ ಈ ಔಷಧದ ಡೋಸ್‌ಗೆ ನೋಡಬೇಕಾದದ್ದು ಕಾಕ್‌ಕ್ರಾಫ್ಟ್-ಗಾಲ್ಟ್ ಲೆಕ್ಕ: 140ರಲ್ಲಿ ವಯಸ್ಸು ಕಳೆದು, ತೂಕದಿಂದ ಗುಣಿಸಿ, ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಿ, ಹೆಂಗಸರಾದರೆ 0.85ರಿಂದ ಗುಣಿಸಬೇಕು. ಬರುವುದು 29. ಈ ಅಜ್ಜಿಗೆ ಬ್ರಿಟನ್ನಿನ ಲೇಬಲ್ 'ಕೊಡಬೇಡಿ' ಅನ್ನುತ್ತದೆ, ಅಮೆರಿಕದ್ದು 75 ಎಂಜಿ ದಿನಕ್ಕೆರಡು ಸಲ ಅನ್ನುತ್ತದೆ. ಇಂಥ ಕಡೆ ಮೊದಲ ಮಾತು ನಮ್ಮ ಡಬ್ಬಿಯ ಇನ್ಸರ್ಟ್‌ನದು, ಆಮೇಲೆ ಹೃದ್ರೋಗ ತಜ್ಞರಿಗೆ ಫೋನ್. ಇಷ್ಟ ಬಂದ ಲೇಬಲ್ ಆರಿಸಿಕೊಳ್ಳುವುದು ತಪ್ಪು.

ನಮ್ಮ ಎಷ್ಟೋ ಕಾಂಬಿನೇಷನ್ ಮಾತ್ರೆಗಳು ಹೊರದೇಶದ ಪಟ್ಟಿಗಳಲ್ಲಿ ಇರುವುದೇ ಇಲ್ಲ. ಒಂದೊಂದು ಅಂಶವನ್ನೂ ಬಿಡಿಬಿಡಿಯಾಗಿ ಹುಡುಕಬೇಕು. ಆ ಕಾಂಬಿನೇಷನ್ ನಿಷೇಧವಾಗಿದೆಯೇ ಎಂದು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯಾದ ಸಿಡಿಎಸ್‌ಸಿಒ ಪ್ರಕಟಣೆಗಳಲ್ಲೂ ನೋಡಬೇಕು. 2024ರ ಆಗಸ್ಟ್‌ನಲ್ಲೇ 156 ಕಾಂಬಿನೇಷನ್‌ಗಳು ನಿಷೇಧವಾದವು.

ಮಾಹಿತಿ ಸರಿಯಿದ್ದೂ ಎಡವಟ್ಟಾಗುವುದು ಬಾಟಲಿಯ ಶಕ್ತಿ ನೋಡದೇ ಇದ್ದಾಗ. ಉದಾಹರಣೆಗೆ, ಪ್ಯಾರಾಸಿಟಮಾಲ್ ಡ್ರಾಪ್ಸ್ 1 ಎಂಎಲ್‌ಗೆ 100 ಎಂಜಿ, ಸಿರಪ್ 5 ಎಂಎಲ್‌ಗೆ 125 ಎಂಜಿ ಇದೆ ಎಂದುಕೊಳ್ಳಿ. 8 ಕೆಜಿ ಮಗುವಿಗೆ ಕೆಜಿಗೆ 15ರಂತೆ 120 ಎಂಜಿ ಬೇಕು: ಸಿರಪ್ 4.8 ಎಂಎಲ್, ಡ್ರಾಪ್ಸ್ ಆದರೆ 1.2 ಎಂಎಲ್. ಬರೀ '5 ಎಂಎಲ್' ಅಂತ ಚೀಟಿ ಬರೆದು ಅಂಗಡಿಯವರು ಡ್ರಾಪ್ಸ್ ಕೊಟ್ಟರೆ ಮಗುವಿನ ಹೊಟ್ಟೆಗೆ 500 ಎಂಜಿ ಹೋಗುತ್ತದೆ. ಚೀಟಿಯಲ್ಲಿ ಎಂಜಿ, ಎಂಎಲ್, ಬಾಟಲಿಯ ಶಕ್ತಿ ಮೂರನ್ನೂ ಬರೆಯಿರಿ.

ನಮ್ಮದೇ ಆಕರಗಳಲ್ಲಿ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ತರುವ ನ್ಯಾಷನಲ್ ಫಾರ್ಮುಲರಿ ಆಫ್ ಇಂಡಿಯಾ ಎಂಬ ಔಷಧ ಕೈಪಿಡಿ ಮುಖ್ಯವಾದದ್ದು. ಆ್ಯಂಟಿಬಯಾಟಿಕ್‌ಗೆ ಡಬ್ಲ್ಯುಎಚ್‌ಒದ ಅವೇರ್ ಪುಸ್ತಕ, ಹಾಲೂಡಿಸುವ ತಾಯಂದಿರಿಗೆ ಲ್ಯಾಕ್ಟ್‌ಮೆಡ್ ಜಾಲತಾಣ, ಇವೆರಡೂ ಪುಕ್ಕಟೆ. ಸಂಶೋಧನಾ ಪತ್ರಿಕೆಗಳು ಸರ್ಕಾರಿ ಕಾಲೇಜಿನವರಿಗೆ 2025ರಿಂದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಅಡಿ ಸಿಗುತ್ತಿವೆ. ಹಳ್ಳಿಯಲ್ಲಿ ಸ್ವಂತ ಕ್ಲಿನಿಕ್ ಇಟ್ಟವರು ಆ ಯೋಜನೆಯಿಂದ ಹೊರಗೇ ಉಳಿದಿದ್ದಾರೆ, ಅವರಿಗೆ ಪಬ್‌ಮೆಡ್ ಸೆಂಟ್ರಲ್‌ನಂಥ ಪುಕ್ಕಟೆ ಸಂಗ್ರಹಗಳೇ ಆಸರೆ. ಇದು ಅನ್ಯಾಯ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಇಲ್ಲಿ ಅನುಮೋದನೆಯಾದ ಪ್ರತಿ ಔಷಧದ ಇನ್ಸರ್ಟ್ ಒಂದೇ ಕಡೆ ಹುಡುಕಲು ಸಿಗುವ ಡೈಲಿಮೆಡ್‌ನಂಥ ಸರ್ಕಾರಿ ಜಾಲತಾಣ ನಮಗಿಲ್ಲ. ಜಗತ್ತಿಗೇ ಔಷಧ ಮಾಡಿಕೊಡುವ ದೇಶದ ವೈದ್ಯ ತನ್ನ ಊರಿನ ಮಾತ್ರೆಯ ವಿವರಕ್ಕೆ ಅಮೆರಿಕದ ಪುಟ ತೆರೆಯಬೇಕಾಗಿದೆ. ಸಿಡಿಎಸ್‌ಸಿಒ ಇದನ್ನು ಮಾಡಲೇಬೇಕು, ಕಂಪನಿಗಳ ಬಳಿ ಕಡತ ಸಿದ್ಧವಿದೆ.

ಅಲ್ಲಿಯವರೆಗೆ, ಎಲ್ಲೂ ಉತ್ತರ ಸಿಗದಿದ್ದರೆ ಔಷಧ ಮಾಹಿತಿ ಕೇಂದ್ರಕ್ಕೆ ಫೋನ್ ಮಾಡಿ. ರಾಜ್ಯ ಫಾರ್ಮಸಿ ಕೌನ್ಸಿಲ್‌ನದು ಬೆಂಗಳೂರಿನಲ್ಲಿದೆ, ಮೈಸೂರಿನ ಜೆಎಸ್‌ಎಸ್ ಆಸ್ಪತ್ರೆಯಲ್ಲೂ ಇದೆ. ಅಡ್ಡಪರಿಣಾಮ ವರದಿ ಮಾಡಲು 1800-180-3024. ಫೋನ್ ಹಚ್ಚುವ ಮೊದಲು ರೋಗಿಯ ವಯಸ್ಸು, ತೂಕ, ಕ್ರಿಯಾಟಿನಿನ್, ನುಂಗುತ್ತಿರುವ ಉಳಿದ ಔಷಧಗಳ ಪಟ್ಟಿ, ಡಬ್ಬಿಯ ಮೇಲಿನ ಅಂಶಗಳ ಫೋಟೋ ಎದುರಿಗಿಟ್ಟುಕೊಳ್ಳಿ. ಉತ್ತರ ಕೊಟ್ಟವರನ್ನು ಯಾವ ಲೇಬಲ್ ನೋಡಿದಿರಿ, ಅದು ಯಾವಾಗ ಪರಿಷ್ಕರಣೆಯಾದದ್ದು ಅಂತ ಸಂಕೋಚವಿಲ್ಲದೆ ಕೇಳಿ, ಕೇಸ್ ಶೀಟ್‌ನಲ್ಲಿ ಬರೆದಿಡಿ.