ಬೆಟ್ಟ ಹತ್ತದ ಬೂಟು

ಸೊಪ್ಪಿನವಳು ಯಾರಿಗೂ ಕಾಯುವುದಿಲ್ಲ. ಒಂದು ಕೂಗು ನಮ್ಮ ಬೀದಿಯಲ್ಲಿ, ಎರಡನೆಯದು ಪಕ್ಕದ ಬೀದಿಯಲ್ಲಿ. ಈ ಎರಡರ ನಡುವೆ ನನ್ನ ಚಪ್ಪಲಿ ಸಿಗಬೇಕು. ಇವತ್ತು ಬೆಳಗ್ಗೆ ಸಿಗಲಿಲ್ಲ. ಬಾಗಿಲ ಬಳಿಯ ಸ್ಟ್ಯಾಂಡಿನ ಅಷ್ಟೂ ಅಂತಸ್ತುಗಳಲ್ಲಿ ಯಜಮಾನರ ಶೂಗಳ ವಾಸ. ನನ್ನ ಹವಾಯಿ ಸ್ಟ್ಯಾಂಡಿಗೂ ಗೋಡೆಗೂ ನಡುವೆ ಬಿದ್ದು ಉಂಗುಷ್ಟವಷ್ಟೇ ಕಾಣುತ್ತಿತ್ತು. ಎಳೆದೆ. ಉಂಗುಷ್ಟ ಬಂತು, ಚಪ್ಪಲಿ ಬರಲಿಲ್ಲ.

ಕಾಲಿಗೆ ಸಿಕ್ಕಿದ್ದು ಅವರ ಚಾರಣದ ಬೂಟು, ಒಂಬತ್ತನೆಯ ನಂಬರು. ನೈಟಿಯ ಮೇಲೊಂದು ದುಪಟ್ಟಾ, ಕೆಳಗೆ ಕಣಕಾಲು ಮುಚ್ಚುವ ಬೂಟು. ಲೇಸ್ ಕಟ್ಟಲು ಪುರುಸೊತ್ತೆಲ್ಲಿ? ಹೆಜ್ಜೆ ಎತ್ತಿದರೆ ಕಾಲು ಮುಂದೆ ಹೋಗುತ್ತದೆ, ಬೂಟು ಯೋಚಿಸಿ ಹಿಂದೆ ಬರುತ್ತದೆ. ಸಬ್ಬಸಿಗೆ ಕಟ್ಟು ಹಿಡಿದಿದ್ದ ಸೊಪ್ಪಿನವಳು ನನ್ನ ಪಾದದ ಮೇಲಿನ ಕಣ್ಣು ತೆಗೆಯದೆ, “ಸಾಹೇಬರು ಪೊಲೀಸಾ ಅಮ್ಮಾ?” ಎಂದಳು. ಎದುರುಮನೆಯ ಅಜ್ಜ ಪತ್ರಿಕೆ ಕೆಳಗಿಳಿಸಿ, “ಮಂಡಿನೋವಿಗೆ ಒಳ್ಳೆಯದಂತೆ, ಅಲ್ಲವೇನಮ್ಮಾ?” ಎಂದರು. ಈ ಗಡಿಬಿಡಿಯಲ್ಲಿ ಚೌಕಾಸಿಯನ್ನೇ ಮರೆತೆ. ಆ ನಷ್ಟವನ್ನು ಯಾರ ಲೆಕ್ಕಕ್ಕೆ ಬರೆಯಬೇಕು?

ಆ ಬೂಟು ಕುಮಾರಪರ್ವತಕ್ಕೆಂದು ಬಂದದ್ದು. 1,712 ಮೀಟರ್ ಎತ್ತರದ ಬೆಟ್ಟಕ್ಕೆ ಹಿಡಿತವಿರುವ ಅಟ್ಟೆ ಬೇಕೆಂದು ಅಂಗಡಿಯವನಿಗೇ ಪಾಠ ಹೇಳಿ ಕೊಂಡದ್ದು. ಬೇಸಿಗೆಯಲ್ಲಿ ಅರಣ್ಯ ಇಲಾಖೆ ಬಿಡುವುದಿಲ್ಲ, ಮಳೆಗಾಲದಲ್ಲಿ ಇಂಬಳ, ಚಳಿಗಾಲದಲ್ಲಿ ಇವರಿಗೆ ಶೀತ. ಕೊನೆಗೆ ಬೆಟ್ಟದ ಬುಡಕ್ಕೆ ಹೋದದ್ದು ನಿಜ. ಕುಕ್ಕೆಯಲ್ಲಿ ಆಶ್ಲೇಷಾ ಬಲಿ ಮಾಡಿಸಿ, ಊಟ ಮುಗಿಸಿ ಬಂದೆವು. ದೇವಸ್ಥಾನದಲ್ಲಿ ಬಿಚ್ಚಿಡುವುದು ಕಷ್ಟವೆಂದು ಬೂಟನ್ನು ಮನೆಯಲ್ಲೇ ಬಿಟ್ಟಿದ್ದರು.

ಪಾದರಕ್ಷೆ ನೋಡಿ ಮನುಷ್ಯನ ಗುಣ ಹೇಳುವವರು ದಯವಿಟ್ಟು ನಮ್ಮ ಬಾಗಿಲಿಗೆ ಬರಬೇಕು. ಇಲ್ಲೊಬ್ಬ ಓಟಗಾರನಿದ್ದಾನೆ, ಪರ್ವತಾರೋಹಿಯಿದ್ದಾನೆ, ಬ್ಯಾಡ್ಮಿಂಟನ್ ಪಟುವಿದ್ದಾನೆ ಎಂದು ಬರೆದುಕೊಂಡು ಹೋಗುತ್ತಾರೆ. ಒಳಗಿರುವುದು ಬೀದಿಯ ತುದಿಯ ಹಾಲಿನ ಬೂತಿಗೂ ಸ್ಕೂಟರ್ ತೆಗೆಯುವ ಒಬ್ಬರೇ ಒಬ್ಬರು, ಅದೂ ಬಚ್ಚಲಿನ ಸ್ಲಿಪ್ಪರಿನಲ್ಲಿ. ಬ್ಯಾಡ್ಮಿಂಟನ್ ಶೂ ತಂದ ದಿನ ನಾನು ಸುಮ್ಮನಿರಲಿಲ್ಲ. “ರೀ, ಪ್ರಕಾಶ್ ಪಡುಕೋಣೆಯವರು ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ ಮದುವೆಗಳಿಲ್ಲದ ದಿನ ಆಡಿ ಕಲಿತು, 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ನಿಮಗೆ ಶೂ ಬಂದಮೇಲೇ ಆಟವೇ?” ಎಂದೆ. “ನೆಲದ ಮೇಲೆ ಗುರುತು ಮೂಡಬಾರದು ಕಣೇ, ಅದಕ್ಕೇ ಈ ಶೂ” ಎಂದರು. ಮಾತಿಗೆ ತಪ್ಪಲಿಲ್ಲ. ಯಾವ ನೆಲದ ಮೇಲೂ ಈವರೆಗೆ ಗುರುತು ಮೂಡಿಲ್ಲ.

ಇವರ ತಂದೆ ಹೀಗಲ್ಲ. ಅಥಣಿಯಲ್ಲಿ ಹೊಲಿಸಿದ ಒಂದೇ ಜೋಡು ಅವರದು. ಅಥಣಿ, ನಿಪ್ಪಾಣಿಯ ಕಡೆಯ ಚಪ್ಪಲಿಗಳನ್ನೂ ಲೋಕ ಕೊಲ್ಹಾಪುರಿ ಎಂದೇ ಕರೆಯುತ್ತದೆ. ಆ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ (ಜಿಐ ಟ್ಯಾಗ್) ನಮ್ಮ ಬೆಳಗಾವಿ ಜಿಲ್ಲೆಯೂ ಸೇರಿದೆ ಎಂದು ಮಾವನವರು ಬಂದವರಿಗೆಲ್ಲ ಹೇಳುತ್ತಿದ್ದರು. ಭಾನುವಾರ ಅದಕ್ಕೆ ಎಣ್ಣೆ ಸವರಿ ನೆರಳಿನಲ್ಲಿಡುತ್ತಿದ್ದರು. ಓಣಿಯ ತಿರುವಿನಲ್ಲಿ ಅದರ ಕರ್ ಕರ್ ಸದ್ದಾದರೆ ಮಕ್ಕಳ ಕೈಗೆ ಪುಸ್ತಕ ಬರುತ್ತಿತ್ತಂತೆ. ಈಗ ಅವರಿಗೂ ವೈದ್ಯರು ಹೇಳಿದ ಮೆತ್ತನೆಯ ಚಪ್ಪಲಿ. ಯಾವಾಗ ಬಂದು ಹಿಂದೆ ನಿಂತರೋ ತಿಳಿಯುವುದೇ ಇಲ್ಲ, ಮಾತನಾಡಿಸಿದಾಗ ಬೆಚ್ಚಿಬೀಳುತ್ತೇವೆ. ಆ ಸದ್ದು ಇದ್ದಾಗ ಮನೆಯಲ್ಲಿ ಒಬ್ಬರು ದೊಡ್ಡವರಿದ್ದಾರೆ ಎನ್ನಿಸುತ್ತಿತ್ತು.

ಸೊಪ್ಪಿನ ಪ್ರಸಂಗವನ್ನೆಲ್ಲ ಒದರಿದಾಗ ಯಜಮಾನರು ಕಾಫಿ ಹೀರುತ್ತಾ ಗಂಭೀರವಾಗಿ ಕೇಳಿದರು. ಇನ್ನು ಶೂ ತರುವುದಿಲ್ಲ, ಯೋಗ ಮಾಡುತ್ತೇನೆ ಎಂದರು. ಯೋಗ ಬರಿಗಾಲಿನದು, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆಗ ಅವರು ಮೊಬೈಲ್ ನನ್ನತ್ತ ತಿರುಗಿಸಿದರು. ಒಂದೊಂದು ಬೆರಳಿಗೂ ಪ್ರತ್ಯೇಕ ಗೂಡಿರುವ ಯೋಗದ ಕಾಲುಚೀಲ. “ಮೂರು ಜೊತೆ ಕೊಂಡರೆ ರಿಯಾಯಿತಿ ಇದೆ, ನಿನಗೂ ಒಂದು ಹೇಳಲೇ?” ಎಂದರು.