ಕೈಗೆಷ್ಟು ಬರುತ್ತೆ?

ನಿನ್ನೆ ಮೈಸೂರಿನ ಕುವೆಂಪುನಗರದಲ್ಲಿ ಅಕ್ಕನ ಮಗುವಿನ ನಾಮಕರಣ. ಎಲೆ ಮುಂದೆ ಕೂತು ಕೋಸಂಬರಿಗೆ ಕೈ ಹಾಕಿದ್ದೆ ಅಷ್ಟೇ. ಪಕ್ಕದ ಎಲೆಯಿಂದ ಸೋದರಮಾವನ ಪ್ರಶ್ನೆ ಬಂತು: "ಪ್ಯಾಕೇಜ್ ಎಷ್ಟಾಯ್ತೋ ಈಗ?"

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಮ್ಮ ಮಾವ ಹೇಳಿದ ಅಂಕಿಯನ್ನು ನಂಬುವವರಲ್ಲ. 12ರಿಂದ ಭಾಗಿಸಿ, ಪಿಎಫ್ ಕಳೆದು, ಟ್ಯಾಕ್ಸ್ ಕಳೆದು, "ಹಾಗಾದ್ರೆ ಕೈಗೆಷ್ಟು ಬರುತ್ತೆ?" ಅಂತ ತೊಡೆಯ ಮೇಲೆ ಎಡಗೈ ಬೆರಳಲ್ಲಿ ಲೆಕ್ಕ ಬರೆಯುತ್ತಾರೆ. ಬಲಗೈ ಅಷ್ಟೊತ್ತಿಗೆ ಸಾರನ್ನ ಕಲಸುತ್ತಿರುತ್ತದೆ.

ಮಾತು ತಪ್ಪಿಸೋಣ ಅಂತ, ಹಿಂದಿನ ರಾತ್ರಿ ಎರಡು ಗಂಟೆ ತನಕ ಕೂತು ಒಂದು ತಂತ್ರಾಂಶದ ಬಗ್, ಅಂದರೆ ದೋಷ, ಸರಿಮಾಡಿದ್ದನ್ನು ಹೇಳಿದೆ. ಯಾರೋ ಬಿಡುವಿನಲ್ಲಿ ಬರೆದು ಎಲ್ಲರಿಗೂ ಪುಕ್ಕಟೆ ಕೊಟ್ಟಿರುವ ತಂತ್ರಾಂಶ ಅದು. ಅದರಲ್ಲಿ 'ರ‍್ಯಾಂಕ್' ಅಂತ ಬರೆದರೆ, ರ ಓಡಿಹೋಗಿ ಅರ್ಕಾವತ್ತಾಗಿ 'ರ್ಯಾಂಕ್' ಅಂತ ಕೂರುತ್ತಿತ್ತು. ರ ತನ್ನ ಜಾಗದಲ್ಲೇ ನಿಲ್ಲಬೇಕಾದರೆ ಪಕ್ಕದಲ್ಲಿ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಅಕ್ಷರ ಇರಬೇಕು. ತಂತ್ರಾಂಶ ಅದನ್ನು ಕಸ ಅಂದುಕೊಂಡು ಗುಡಿಸಿ ಹಾಕುತ್ತಿತ್ತು. ತಿದ್ದಿದ್ದು ಒಂದೇ ಸಾಲು. ರ ನೆಟ್ಟಗೆ ನಿಂತಾಗ ನಾನೂ ಕುರ್ಚಿ ಬಿಟ್ಟು ಎದ್ದು ನಿಂತಿದ್ದೆ.

"ಕಾಣದೇ ಇರೋ ಅಕ್ಷರ," ಅಂದರು ಮಾವ. "ಎಷ್ಟು ಕೊಟ್ರು?"

"ಏನೂ ಇಲ್ಲ ಮಾವ. ಸುಮ್ನೆ."

ಇಡೀ ಪಂಕ್ತಿ ತಿರುಗಿ ನೋಡಿತು. ಬಡಿಸುತ್ತಿದ್ದ ಅತ್ತೆ, ಪಾಪ ಅಂತ ಇನ್ನೊಂದು ಹೋಳಿಗೆ ಹಾಕಿದರು.

ನನಗೆ ಉರಿದುಹೋಯಿತು. ಡೊನಾಲ್ಡ್ ಕ್ನೂತ್ ಅನ್ನುವ ದೊಡ್ಡ ಕಂಪ್ಯೂಟರ್ ಪಂಡಿತರ ಕಥೆ ತೆಗೆದೆ. ತಮ್ಮ ಪುಸ್ತಕದಲ್ಲಿ ತಪ್ಪು ಹಿಡಿದವರಿಗೆ ಅವರು 2.56 ಡಾಲರ್ ಚೆಕ್ ಕಳಿಸುತ್ತಿದ್ದರು. ಎಷ್ಟೋ ಜನ ಅದನ್ನು ಬ್ಯಾಂಕಿಗೇ ಹಾಕಲಿಲ್ಲ, ಫ್ರೇಮ್ ಹಾಕಿಸಿ ಗೋಡೆಗೆ ಹಾಕಿಕೊಂಡರು.

ಎಡಗೈ ಮತ್ತೆ ತೊಡೆಗೆ ಹೋಯಿತು. "ಇನ್ನೂರು ಚಿಲ್ಲರೆ. ಫ್ರೇಮಿಗೇ ಜಾಸ್ತಿ ಆಗಿರುತ್ತಲ್ಲೋ!"

ನಾನೇನು ಸನ್ಯಾಸಿಯಲ್ಲ ಬಿಡಿ. ತಿಂಗಳ ಕೊನೆಗೆ ಸಂಬಳದ ಮೆಸೇಜ್ ಬರುವ ತನಕ ಫೋನ್ ಕೆಳಗಿಡುವುದಿಲ್ಲ. ವಿಜಯನಗರದ ಮನೆಯ ಇಎಂಐ ಕಾಣದ ಅಕ್ಷರದಿಂದ ತೀರುವುದೂ ಇಲ್ಲ. ಆದರೆ ಆ ಹೋಳಿಗೆ ಮುರಿಯುತ್ತಾ ಯೋಚಿಸಿದರೆ, ಈ ವರ್ಷ ಆಫೀಸಿನಲ್ಲಿ ಮಾಡಿದ್ದರಲ್ಲಿ ಎದ್ದು ನಿಲ್ಲಿಸಿದಂಥದ್ದು ಒಂದೂ ನೆನಪಾಗಲಿಲ್ಲ.

ಸಂಜೆ ಮಾವನನ್ನು ಮನೆಗೆ ಬಿಟ್ಟೆ. ಅಂಗಳದಲ್ಲಿ ಅವರ ಎಜ್ಡಿ ಬೈಕು. ಅದನ್ನು ತಯಾರಿಸುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲೇ ಮುಚ್ಚಿತು, ಈ ಗಾಡಿ ಮಾತ್ರ ಮುಚ್ಚಲು ಒಪ್ಪಿಲ್ಲ. ಮಾವ ರೇಷ್ಮೆ ಪಂಚೆಯನ್ನೇ ಮೇಲೆತ್ತಿ ಕಟ್ಟಿ, ಕಾರ್ಬುರೇಟರ್ ಬಿಚ್ಚಿ ಕೂತರು. ಜೆಟ್ಟನ್ನು ಊದಿದರು, ಬೆಳಕಿಗೆ ಹಿಡಿದರು, ಮತ್ತೆ ಊದಿದರು. ಮುಕ್ಕಾಲು ಗಂಟೆ. ಒಳಗಿಂದ ಅತ್ತೆ ಪಂಚೆಯ ಬೆಲೆ ಕೂಗಿ ಹೇಳಿದರೂ ಕಿವಿಗೆ ಬೀಳಲಿಲ್ಲ. ಆಮೇಲೆ ಒಂದೇ ಒದೆತ, ಗಾಡಿ ಸ್ಟಾರ್ಟ್. ಅದೇ ಕಿಕ್ಕರನ್ನು ಮುಂದಕ್ಕೆ ತಳ್ಳಿ ಗೇರ್ ಮಾಡಿಕೊಂಡು, "ಸದ್ದು ಕೇಳು, ಕೇಳು," ಅಂತ ಕಣ್ಣು ಮುಚ್ಚಿದರು.

"ಇದರಿಂದ ಕೈಗೆಷ್ಟು ಬರುತ್ತೆ ಮಾವ?" ಅಂತ ಕೂಗಿದೆ.

ಕಣ್ಣು ಬಿಟ್ಟರು. ಇಂಜಿನ್ ಆಫ್ ಮಾಡಿದರು.

"ಅದಿರಲಿ. ಈ ಸಲ ಬೋನಸ್ ಬಂತಾ?"