ನಗಬೇಕಂತೆ ನಾನು

ವಿದ್ಯಾರ್ಥಿಗಳ ಫೀಡ್‌ಬ್ಯಾಕ್‌ನ ಮೂರನೇ ಪುಟದ ಆ ಒಂದು ಸಾಲು. ನನಗೆ ಟೆನ್ಯೂರ್, ಅಂದ್ರೆ ಕಾಯಂ ಹುದ್ದೆ, ಕೊಡಬೇಕೋ ಬೇಡವೋ ಅಂತ ನೋಡೋ ಕಮಿಟಿಯವರಿಗೆ ಅಷ್ಟೇ ಬೇಕಿತ್ತು. ಉಳಿದ ಪುಟ ತಿರುವಿ ಕೂಡ ನೋಡಲಿಲ್ಲ.

ಅಧ್ಯಕ್ಷರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಪೆನ್ನನ್ನು ಆ ಸಾಲಿನ ಕೆಳಗಿಟ್ಟು, ಮಕ್ಕಳ ಪದ್ಯದ ಹಾಗೆ ರಾಗವಾಗಿ ಓದಿದರು. "ಮೇಡಂ ಚೆನ್ನಾಗಿ ಹೇಳಿಕೊಡ್ತಾರೆ, ಆದರೆ ನಗೋದೇ ಇಲ್ಲ." ಮೊದಲರ್ಧ ಗೊಣಗಿದ ಹಾಗೆ, ಎರಡನೆಯದು ಜೋರಾಗಿ. ಪಕ್ಕದವರು ಕಿಸಕ್ಕನೆ ನಕ್ಕರು. ಅಷ್ಟು ಹೊತ್ತು ಮೊಬೈಲ್ ಒತ್ತುತ್ತಿದ್ದ ಹೊರಗಿನ ತಜ್ಞರೂ ತಲೆ ಎತ್ತಿ ನಕ್ಕರು, ಯಾಕೆ ಅಂತ ಅವರಿಗೂ ಗೊತ್ತಿರಲಿಲ್ಲ. "ಸ್ವಲ್ಪ ನಗ್ರೀ ಮೇಡಂ, ದುಡ್ಡು ಕೊಡಬೇಕಾ ಅದಕ್ಕೆ?" ಅಂದರು ಅಧ್ಯಕ್ಷರು.

ನಾನೇನು ಮಾಡಿದೆ ಗೊತ್ತಾ? ನಕ್ಕೆ. ಹಲ್ಲು ಕಾಣೋ ಹಾಗೆ. ಪಿಎಚ್‌ಡಿ, ಪ್ರಬಂಧ, ರಾತ್ರಿ ಕೂತು ತಿದ್ದಿದ ಕಟ್ಟುಗಟ್ಟಲೆ ಪೇಪರ್, ಎಲ್ಲ ಸೇರಿ ಕೊನೆಗೆ ಕೆಲಸಕ್ಕೆ ಬಂದಿದ್ದು ನನ್ನ ಹಲ್ಲು!

ಹಿಂದಿನ ಸಲ ಮಕ್ಕಳು ಕೈತುಂಬಾ ಅಂಕ ಕೊಟ್ಟಿದ್ದರು. ಆಗ ಇದೇ ಮಹಾಶಯರು "ಪಾಠ ಬಿಡ್ರೀ, ಪಬ್ಲಿಕೇಶನ್ ಎಲ್ಲಿ?" ಅಂದಿದ್ದರು. ತಂದು ಮುಂದಿಟ್ಟೆ. ಈಗ ನಗು ಎಲ್ಲಿ ಅಂತಾರೆ. ಟೆನ್ಯೂರ್ ಕೊಡಬೇಕು ಅನ್ನಿಸಿದವರಿಗೆ ಫೀಡ್‌ಬ್ಯಾಕ್ ಲೆಕ್ಕಕ್ಕಿಲ್ಲ, ಕೊಡಬಾರದು ಅನ್ನಿಸಿದವರಿಗೆ ಅದೇ ವೇದವಾಕ್ಯ, ಅಲ್ವಾ?

ನನ್ನೊಬ್ಬಳ ಗೋಳು ಅನ್ಕೋಬೇಡಿ. 2015ರಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ಆನ್‌ಲೈನ್ ಕೋರ್ಸ್, ಒಬ್ಬ ಗಂಡಸು ಒಬ್ಬ ಹೆಂಗಸು ಪಾಠಕ್ಕೆ. ಕೆಲವು ಗುಂಪುಗಳಿಗೆ ತಮ್ಮದೇ ಹೆಸರು, ಇನ್ನು ಕೆಲವಕ್ಕೆ ಅದಲುಬದಲು. ತಿದ್ದಿದ ಅಸೈನ್‌ಮೆಂಟ್ ಇಬ್ಬರೂ ಒಂದೇ ಸಮಯಕ್ಕೆ ವಾಪಸ್ ಕೊಟ್ಟರೂ, ಬೇಗ ಕೊಡ್ತಾರಾ ಅನ್ನೋ ಪ್ರಶ್ನೆಯಲ್ಲೂ ಗಂಡು ಹೆಸರಿಗೇ ಜಾಸ್ತಿ ಅಂಕ. 2018ರಲ್ಲಿ ಟೊರಾಂಟೋದ ರೈರ್ಸನ್ ವಿಶ್ವವಿದ್ಯಾಲಯದ ವಿವಾದದಲ್ಲಿ ಮಧ್ಯಸ್ಥಗಾರ ವಿಲಿಯಂ ಕ್ಯಾಪ್ಲನ್ ತೀರ್ಪನ್ನೇ ಕೊಟ್ಟರು: ವಿದ್ಯಾರ್ಥಿಗಳ ಅನುಭವ ತಿಳಿಯೋಕೆ ಈ ಅಂಕ ಸರಿ, ಆದರೆ ಟೆನ್ಯೂರ್‌ಗಾಗಿ ಪಾಠದ ಗುಣಮಟ್ಟ ಅಳೆಯೋಕೆ ಬಳಸಬಾರದು ಅಂತ. ಇದನ್ನೆಲ್ಲ ಅಲ್ಲೇ ಹೇಳಬಹುದಿತ್ತು. ಬಾಯಲ್ಲಿ ನಗು ತುಂಬಿತ್ತಲ್ಲ, ಮಾತಿಗೆ ಜಾಗ ಎಲ್ಲಿ?

ಹಾಗಂತ ಮಕ್ಕಳ ಮಾತು ಬೇಡವಾ? ಬೇಕು. ಹಳೇ ನೋಟ್ಸ್ ಓದಿ ಹೇಳಿ ಗಂಟೆ ಕಳೆದು ಟೆನ್ಯೂರ್ ಗಿಟ್ಟಿಸಿಕೊಂಡವರು ಹಾಯಾಗಿದ್ದಾರೆ, ಅವರ ಬಣ್ಣ ಬಯಲು ಮಾಡೋಕೆ ಮಕ್ಕಳನ್ನು ಬಿಟ್ಟರೆ ಯಾರಿದ್ದಾರೆ? ನನಗೆ ಆ ಹುಡುಗನ ಮೇಲೋ ಹುಡುಗಿಯ ಮೇಲೋ ಸಿಟ್ಟಿಲ್ಲ. ಪಾಪ, ಚೆನ್ನಾಗಿ ಹೇಳಿಕೊಡ್ತಾರೆ ಅಂತ ಮೊದಲೇ ಬರೆದಿದೆ. ಇಲ್ಲ, ಸ್ವಲ್ಪ ಸಿಟ್ಟಿದೆ. ಆ "ಆದರೆ" ಯಾಕೆ ಬೇಕಿತ್ತು?

ಒಂದು ಪ್ರಶ್ನೆ ಕೇಳ್ತೀನಿ, ಯಾರಾದರೂ ಉತ್ತರ ಕೊಡಿ. ಆ ಕಮಿಟಿಯಲ್ಲಿ ಒಬ್ಬರಾದರೂ ನನ್ನ ಕ್ಲಾಸಲ್ಲಿ ಬಂದು ಕೂತಿದ್ದಾರಾ? ನನ್ನ ಪ್ರಶ್ನೆಪತ್ರಿಕೆ ನೋಡಿದ್ದಾರಾ? ನನ್ನ ಹತ್ತಿರ ಕಲಿತವರು ಮುಂದಿನ ಕೋರ್ಸಿನಲ್ಲಿ ಹೇಗೆ ಮಾಡಿದರು ಅಂತ ವಿಚಾರಿಸಿದ್ದಾರಾ? ಅದಕ್ಕೆಲ್ಲ ಪುರಸೊತ್ತು ಬೇಕು. ಸರಾಸರಿ ಅಂಕಕ್ಕೆ ಒಂದು ನಿಮಿಷ ಸಾಕು.

ಹೋಗ್ಲಿ ಬಿಡಿ, ಯಾರ ಹತ್ತಿರ ಹೇಳಿ ಏನು ಪ್ರಯೋಜನ. ಅಪೀಲ್ ಹಾಕಿ ಅಂತಾರೆ ಜೊತೆಯವರು. ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಅದು ಮೊದಲು ಹೋಗೋದೇ ಆ ಅಧ್ಯಕ್ಷರ ಮೇಜಿಗೆ, ಷರಾ ಬರೆಯೋಕೆ. ಆದರೂ ಹಾಕ್ತೀನಿ. ಹಾಕದೆ ಬಿಡ್ತೀನಾ?